ಪೇಂಟರ್ ಮಾಯಣ್ಣನ ಟ್ಯಾಂಕುಗಳು

ಫ್ಲೆಕ್ಸಿನ ಮೂರು ಮೂಲೆ ಕಟ್ಟಿ ಆಗಿತ್ತು. ನಾಲ್ಕನೆಯದಕ್ಕೆ ಹಗ್ಗ ಸಾಲದೆ ಲೋಕೇಶ ತನ್ನ ಟವಲಿನ ಅಂಚು ಹರಿದು ಹೊಸೆಯುತ್ತಿದ್ದ. ಬೆಳಗ್ಗೆ ಏಳಕ್ಕೇ ಕೆ.ಆರ್. ಪೇಟೆಗೆ ಹೋಗಿ, ಅಂಗಡಿಯವನ ಮನೆ ಬಾಗಿಲು ಬಡಿದು ಎಬ್ಬಿಸಿ, ಅಚ್ಚು ಹಾಕಿಸಿಕೊಂಡು ಬಂದದ್ದು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆರಡಿ ಎತ್ತರದ ಚಿತ್ರದಲ್ಲಿ ಅವನ ಚಿಕ್ಕಪ್ಪ ಮಾಯಣ್ಣ ಮಿಲಿಟರಿ ಬಟ್ಟೆ ತೊಟ್ಟು, ಎದೆಯ ಮೇಲೆ ಆರು ಪದಕ ತೂಗುಹಾಕಿಕೊಂಡು ನಿಂತಿದ್ದ. ಬೆನ್ನ ಹಿಂದೆ ಯುದ್ಧದ ಟ್ಯಾಂಕು. ಕೆಳಗೆ ದಪ್ಪ ಅಕ್ಷರದಲ್ಲಿ, ವೀರ ಯೋಧ ಮಾಯಣ್ಣನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.

ಮಾಯಣ್ಣ ಒಂದು ದಿನವೂ ಮಿಲಿಟರಿಯಲ್ಲಿದ್ದವನಲ್ಲ. ಕಿಕ್ಕೇರಿಯ ರಸ್ತೆ ಬದಿಯ ಶೆಡ್ಡಿನಲ್ಲಿ ನಲವತ್ತು ವರ್ಷ ಲಾರಿ, ಟ್ರಾಕ್ಟರುಗಳಿಗೆ ಬಣ್ಣ ಹೊಡೆದವನು. ನಿನ್ನೆ ಮಧ್ಯಾಹ್ನ ಯಾರದೋ ಟ್ರಾಕ್ಟರಿನ ಮಡ್‌ಗಾರ್ಡಿಗೆ ಎಮರಿ ಪೇಪರ್ ಉಜ್ಜುತ್ತ ಕೂತಿದ್ದವನು ಚಕ್ರಕ್ಕೆ ಒರಗಿದ, ಮತ್ತೆ ಏಳಲಿಲ್ಲ. ಸತ್ತ ಇಪ್ಪತ್ತು ಗಂಟೆಯೊಳಗೆ ಅವನಿಗೆ ಇಷ್ಟೆಲ್ಲ ಬಡ್ತಿ ಸಿಕ್ಕಿತ್ತು.

ಹೆಂಡತಿ ಜಯಲಕ್ಷ್ಮಮ್ಮ ಹೆಣದ ತಲೆಯ ಹತ್ತಿರ ಕೂತಿದ್ದಳು. ಫ್ಲೆಕ್ಸು ನೇರ ಅವಳ ಕಣ್ಣಿಗೇ ಬೀಳುತ್ತಿತ್ತು. ಬಹಳ ಹೊತ್ತು ನೋಡಿದ ಮೇಲೆ, ಆ ಟ್ಯಾಂಕಿನ ಮೇಲೆ ಒಂದು ಚೂರೂ ಧೂಳಿಲ್ಲವಲ್ಲ ಅಂದಳು. ಪಕ್ಕದಲ್ಲಿದ್ದ ಹೆಂಗಸರು ಇವಳಿಗೆ ಬುದ್ಧಿಭ್ರಮೆ ಆಯಿತೆಂದು ಇನ್ನಷ್ಟು ಜೋರಾಗಿ ಅತ್ತರು.

"ಲೋಕೇಶ, ಅದ್ನ ಇಳ್ಸಪ್ಪ," ಅಂದಳು.

ಲೋಕೇಶ ಅಪ್ಪನ ಮುಖ ನೋಡಿದ. ಅಪ್ಪ ಬೋರಯ್ಯ, ಮಾಯಣ್ಣನ ಅಣ್ಣ, ಹಾಲಿನ ಡೇರಿಯ ಕಾರ್ಯದರ್ಶಿ. ಸಾವಿನ ಮನೆಯಲ್ಲೂ ಇಸ್ತ್ರಿ ಮುರಿಯದ ಬಿಳಿ ಶರಟಿನವನು. ಬಂದು ಜಯಲಕ್ಷ್ಮಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಬೀಗ್ರು ನಾಗಮಂಗಲದಿಂದ ಹೊಂಟವ್ರೆ ಕಣವ್ವ. ಮಣ್ಣಾಗಗಂಟ ಇರ್ಲಿ. ಆಮೇಲೆ ನಾನೇ ಕಿತ್ತಾಕಿಸ್ತೀನಿ."

ವಿಷಯ ಅಲ್ಲಿತ್ತು. ಎಂಟು ವರ್ಷದ ಹಿಂದೆ ಬೋರಯ್ಯನ ಮಗಳು ದಿವ್ಯಳನ್ನು ನೋಡಲು ಬಂದ ನಾಗಮಂಗಲದ ಚಿಕ್ಕಮಾದಯ್ಯನವರ ಮನೆಯಲ್ಲಿ ಇಬ್ಬರು ಮಿಲಿಟರಿಗೆ ಹೋದವರಿದ್ದರು. ಅವರ ಮುಂದೆ ತನ್ನ ಮನೆ ಸಣ್ಣದಾಗಿ ಕಂಡೀತೆಂದು ಬೋರಯ್ಯ, ನನ್ನ ತಮ್ಮನೂ ಮಿಲಿಟರಿಯೇ, ಈಗ ರಿಟೈರಾಗಿ ಬಂದಿದ್ದಾನೆ ಅಂದುಬಿಟ್ಟಿದ್ದ. ಮದುವೆ ಆಯಿತು. ಸುಳ್ಳು ಹಾಗೇ ಉಳಿಯಿತು. ಈಗ ಅದಕ್ಕೆ ಆರು ಪದಕ ಬೇರೆ ಬಂದಿತ್ತು.

*

ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾಯಣ್ಣ ಮಂಡ್ಯಕ್ಕೆ ಸೇನೆಯ ಭರ್ತಿಗೆ ಹೋದದ್ದು ನಿಜ. ಓಡಿದ, ಹಗ್ಗ ಹತ್ತಿದ. ಎದೆ ಅಳೆಯುವಾಗ ಒಂದಂಗುಲ ಕಡಿಮೆ ಬಿತ್ತು. ಬರುವ ದಾರಿಯಲ್ಲಿ ಟೀ ಕುಡಿಯಲು ಇಳಿದಾಗ ಪಕ್ಕದ ಪೇಂಟಿಂಗ್ ಶೆಡ್ಡಿನಲ್ಲಿ ಒಬ್ಬ ಲಾರಿಯ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ. ನೋಡುತ್ತ ನಿಂತ ಇವನಿಗೆ ಬಸ್ಸು ತಪ್ಪಿತು. ಮಾರನೇ ದಿನದಿಂದ ಅಲ್ಲೇ ಕೆಲಸ ಕಲಿಯಲು ನಿಂತ, ಆಮೇಲೆ ಕಿಕ್ಕೇರಿಯಲ್ಲಿ ತನ್ನದೇ ಶೆಡ್ಡು ಹಾಕಿದ. ಒಂದಂಗುಲದಲ್ಲಿ ಪಾಪ, ಹುಡುಗನ ಬದುಕೇ ಹೋಯಿತು ಎಂದು ಊರು ಮರುಗಿತು. ಅವನು ಮರುಗಿದ್ದನ್ನು ಜಯಲಕ್ಷ್ಮಮ್ಮ ಮೂವತ್ತೈದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಮಕ್ಕಳಿಲ್ಲದ್ದಕ್ಕೆ ಮರುಗಿದ್ದನ್ನು ಕಂಡಿದ್ದಳು, ಇದಕ್ಕಲ್ಲ.

ಟ್ಯಾಂಕು ಬಂದದ್ದು ಎಷ್ಟೋ ಕಾಲದ ಮೇಲೆ, ಈಗ್ಗೆ ಹನ್ನೆರಡು ವರ್ಷದ ಹಿಂದೆ. ಶ್ರೀರಂಗಪಟ್ಟಣದ ಕಾಲೇಜು ಮೇಷ್ಟ್ರು ರಘುನಂದನ್ ಗುದ್ದಿ ನುಗ್ಗಾದ ಕಾರನ್ನು ರಿಪೇರಿಗೆಂದು ಶೆಡ್ಡಿನಲ್ಲಿ ಬಿಟ್ಟು ಹೋದಾಗ ಡಿಕ್ಕಿಯಲ್ಲಿ ಒಂದು ಡಬ್ಬ ಇತ್ತು. ಬಿಡಿ ಬಿಡಿ ಪ್ಲಾಸ್ಟಿಕ್ ತುಂಡು ಅಂಟಿಸಿ ಗೇಣುದ್ದದ ಟ್ಯಾಂಕು ಮಾಡುವ ಸಾಮಾನು. ಮಗನಿಗೆ ತಂದದ್ದು, ಅವನು ಎರಡು ತುಂಡು ಅಂಟಿಸಿ ಬೇಜಾರಾಗಿ ಬಿಟ್ಟ, ನೀವೇ ಇಟ್ಟುಕೊಳ್ಳಿ ಎಂದರು ಮೇಷ್ಟ್ರು. ಮಾಯಣ್ಣ ಒಂದು ತಿಂಗಳು ಕೂತು ಅಂಟಿಸಿದ, ಹಸಿರು ಬಣ್ಣ ಹೊಡೆದ. ಥಳಥಳ ಅಂದಿತು. ಎರಡು ದಿನ ಅದನ್ನೇ ನೋಡಿ, ಇದು ಶೋರೂಮಿನಿಂದ ಬಂದ ಹಾಗಿದೆ, ಎಲ್ಲಿಗೂ ಹೋಗಿಲ್ಲ ಎಂದು ಮುಖ ಸಿಂಡರಿಸಿದ.

ಆಮೇಲೆ ಶುರುವಾಯಿತು ನೋಡಿ. ಕರಿಘಟ್ಟದ ಬುಡದಿಂದ ಕೆಂಪು ಮಣ್ಣು, ಶೀಳನೆರೆಯ ಕೆರೆಯಿಂದ ಬೂದು ಮಣ್ಣು, ಪಾಂಡವಪುರದ ಕಡೆಯ ಆಲೆಮನೆಯಿಂದ ಒಲೆಯ ಮಸಿ, ಗುಜರಿ ತಗಡಿನಿಂದ ಕೆರೆದ ತುಕ್ಕು. ಕುಟ್ಟಿ ವಸ್ತ್ರಗಾಳಿತ ಮಾಡುವ ಕೆಲಸ ಜಯಲಕ್ಷ್ಮಮ್ಮನದು. ಮೆಣಸಿನಪುಡಿ ಕುಟ್ಟುವ ಒರಳಿನಲ್ಲಿ ಮಣ್ಣು ಕುಟ್ಟಿಸುತ್ತೀರಲ್ಲ ಎಂದು ಬೈಯುತ್ತಲೇ ಕುಟ್ಟುತ್ತಿದ್ದಳು. ಕಂದು ಬಣ್ಣವನ್ನು ಸೀಮೆಎಣ್ಣೆಯಲ್ಲಿ ಟೀ ಡಿಕಾಕ್ಷನ್ನಿನಷ್ಟು ತೆಳ್ಳಗೆ ಕಲಸಿ ಬ್ರಶ್ಶಿನಿಂದ ಮೇಲೆ ಬಿಟ್ಟರೆ ಅದು ತಾನಾಗಿ ಹರಿದು ಸಂದಿಗೊಂದಿಯಲ್ಲಿ ನಿಲ್ಲುತ್ತಿತ್ತು. ಮಿಕ್ಕದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಹತ್ತು ವರ್ಷ ದುಡಿದ ಗಾಡಿಯ ಮೈ ಬರುತ್ತಿತ್ತು.

ಮೊದಮೊದಲು ಅವನಿಗೂ ಬರಲಿಲ್ಲ. ದೋಸೆಗೆ ಚಟ್ನಿಪುಡಿ ಉದುರಿಸಿದ ಹಾಗೆ ಮೇಲಿಂದ ಮಣ್ಣು ಉದುರಿಸಿದ. ಜಯಲಕ್ಷ್ಮಮ್ಮ ನಕ್ಕುಬಿಟ್ಟಳು.

"ಕೆಸರು ಮೇಲಿಂದ ಬೀಳ್ತದಾ? ಗದ್ದೆಯಿಂದ ಬಂದಾಗ ನನ್ ಸೀರೆ ನೋಡಿಲ್ವಾ? ಕೆಳಗಿಂದ ಏರ್ತದೆ. ಮೊಣಕಾಲ್‌ಗಂಟ ದಪ್ಪ, ಅಲ್ಲಿಂದ ಮೇಲೆ ಸಿಡಿದಿದ್ದಷ್ಟೇ."

ಅವನು ಎದ್ದು ಹೋಗಿ ಅವಳ ಒಗೆಯದ ಸೀರೆ ತಂದು ಕಿಟಕಿಗೆ ನೇತುಹಾಕಿ, ಅದನ್ನು ನೋಡಿಕೊಂಡು ಆ ಟ್ಯಾಂಕಿನ ಕೆಳಭಾಗ ಮಾಡಿದ. ಆಮೇಲೆ ಮೇಷ್ಟ್ರಿಂದ ಡಬ್ಬ ತರಿಸಿಕೊಂಡು ಮಾಡಿದ ಮೂವತ್ತು ಟ್ಯಾಂಕುಗಳಲ್ಲಿ ಅವನ ಕೈ ಎಷ್ಟೋ ಅವಳ ಕೈಯೂ ಅಷ್ಟೇ ಇತ್ತು. ಮಿಲಿಟರಿಗೆ ತೆಗೆದುಕೊಳ್ಳಲಿಲ್ಲ ಎಂದು ಮನೆಯಲ್ಲೇ ದಂಡು ಕಟ್ಟಿಕೊಂಡಿದ್ದಾನೆ ಎಂದು ಊರವರು ಆಡಿಕೊಂಡರು. ಯಾವ ದೇಶದ ಟ್ಯಾಂಕು ಎಂದು ಯಾರಾದರೂ ಕಿಚಾಯಿಸಿದರೆ, ಕಿಕ್ಕೇರಿಯದು ಅನ್ನುತ್ತಿದ್ದ. ಬೋರಯ್ಯನೊಬ್ಬ ಮಾತ್ರ ನಗಲಿಲ್ಲ. ವಯಸ್ಸಾದವನು ಆಟದ ಸಾಮಾನಿಗೆ ಮಣ್ಣು ಮೆತ್ತುತ್ತಾ ಕೂತರೆ ಮನೆತನದ ಗತಿಯೇನು ಎಂದು ಜಗಳಕ್ಕೇ ಬಂದಿದ್ದ. ಆವತ್ತು ಅಣ್ಣ ಹೋದ ಮೇಲೆ ಮಾಯಣ್ಣ ಹೆಂಡತಿಗೆ ಒಂದು ಮಾತು ಹೇಳಿದ.

"ಶೆಡ್ಡಲ್ಲಿ ದಿನವೆಲ್ಲ ಸುಳ್ಳೇ ಮಾಡ್ತೀನಿ ಕಣೆ. ಗುದ್ದಿದ್ ಗಾಡೀನ ಗುದ್ದೇ ಇಲ್ಲ ಅನ್ನಂಗೆ. ಮನೇಲಾದ್ರೂ ನಿಜ ಮಾಡ್ತೀನಿ ಬುಡು."

*

ಹನ್ನೆರಡೂಮುಕ್ಕಾಲಿಗೆ ಚಿಕ್ಕಮಾದಯ್ಯನವರ ಕಾರು ಬಂತು. ಗುರುವಾರ, ಒಂದೂವರೆಗೆ ರಾಹುಕಾಲ ಹುಟ್ಟುವ ಮೊದಲು ಹೆಣ ಎತ್ತಬೇಕೆಂದು ಹಿರಿಯರು ಹೇಳಿದ್ದರು. ಟ್ರಾಕ್ಟರು ಬಾಗಿಲಿಗೆ ಬಂದು ನಿಂತಿತ್ತು. ತಮಟೆಯವರು ತಮಟೆ ಕಾಯಿಸುತ್ತಿದ್ದರು.

ಕಾರಿನಿಂದ ಮೊದಲು ದಿವ್ಯ ಇಳಿದು ಓಡಿ ಬಂದು ಚಿಕ್ಕಪ್ಪನ ಕಾಲ ಮೇಲೆ ಬಿದ್ದಳು. ಹಿಂದೆಯೇ ಬಂದ ಅವಳ ಮಾವ ಚಿಕ್ಕಮಾದಯ್ಯನವರು ಫ್ಲೆಕ್ಸಿನ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಹೆಣದ ಮುಂದೆ ಬಂದು ಎಪ್ಪತ್ತು ವರ್ಷದ ಬೆನ್ನನ್ನು ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದರು. ನಾಟಕವಿರಲಿಲ್ಲ; ಅವರ ಸ್ವಂತ ತಮ್ಮ ಗಡಿಯಲ್ಲಿ ಸತ್ತು ಪೆಟ್ಟಿಗೆಯಲ್ಲಿ ಬಂದವನು. ಕಂಕುಳಲ್ಲಿದ್ದ ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಇಸ್ತ್ರಿ ಮಾಡಿದ ಬಾವುಟ ಇತ್ತು.

"ನಿಮ್ಗೆ ಈ ಗಡಿಬಿಡೀಲಿ ಸಿಕ್ತೋ ಇಲ್ವೋ ಅಂತ ನಾನೇ ತಂದೆ ಬೀಗ್ರೇ. ಸಿಪಾಯಿನ ಬರೀ ಮೈಯಲ್ಲಿ ಕಳಿಸ್ಬಾರ್ದು."

ಬೋರಯ್ಯ ಜಯಲಕ್ಷ್ಮಮ್ಮನ ಕಡೆ ನೋಡದೆ, ಹೊದಿಸಿ ಎಂದು ತಲೆಯಾಡಿಸಿದ.

*

ದಿವ್ಯಳ ಮದುವೆಯಲ್ಲೂ ಹೀಗೇ ಆಗಿತ್ತು. ಚಪ್ಪರದ ಬಾಗಿಲಲ್ಲಿ ಚಿಕ್ಕಮಾದಯ್ಯನವರು ಮಾಯಣ್ಣನ ಕೈ ಹಿಡಿದು, ಯಾವ ರೆಜಿಮೆಂಟು, ಎಲ್ಲೆಲ್ಲಿದ್ದಿರಿ ಎಂದು ಕೇಳಿದ್ದರು. ಮಾಯಣ್ಣ ಅವರನ್ನು ನೋಡಿದ, ಹಸೆಮಣೆಯ ಮೇಲಿದ್ದ ಹುಡುಗಿಯನ್ನು ನೋಡಿದ, ಸಾರಿನ ಬಕೆಟ್ಟು ಎತ್ತಿಕೊಂಡು ಬಡಿಸಲು ಹೋದ. ಊಟವನ್ನೂ ಮಾಡದೆ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದ.

"ಮಗೀನ್ ಮದ್ವೆ ಅಂತ ಸುಮ್ನಿದ್ದೆ," ಅಂದ ಬಸ್ಸು ಶೀಳನೆರೆ ದಾಟಿದ ಮೇಲೆ. "ನಾನೇನ್ ಕಳ್ತನ ಮಾಡಿದ್ನಾ, ಪೇಂಟರು ಅಂತ ಯೋಳಕ್ಕೆ ನಾಚ್ಕೊಳಕ್ಕೆ? ಇನ್ನೊಂದ್ ಸಲ ಕೇಳಿದ್ರೆ ಸುಮ್ನಿರಕ್ಕಿಲ್ಲ ನೋಡು."

ಇನ್ನೊಂದು ಸಲ ಯಾರೂ ಕೇಳಲಿಲ್ಲ. ಬೋರಯ್ಯ ಅವನನ್ನು ಆಮೇಲೆ ಬೀಗರ ಮನೆಗೆ ಕರೆದುಕೊಂಡೇ ಹೋಗಲಿಲ್ಲ.

*

ಚಿಕ್ಕಮಾದಯ್ಯನವರು ಬಾವುಟದ ಮಡಿಕೆ ಬಿಚ್ಚುವಷ್ಟರಲ್ಲಿ ಜಯಲಕ್ಷ್ಮಮ್ಮ ಎದ್ದು ನಿಂತಳು. ಹೆಣ ಎತ್ತುವವರೆಗೂ ಹೆಂಡತಿ ತಲೆದೆಸೆ ಬಿಟ್ಟು ಏಳಬಾರದು ಎಂದು ಮುದುಕಿಯರು ಸೆರಗು ಹಿಡಿದು ಜಗ್ಗಿದರು. ಸೆರಗು ಕಿತ್ತುಕೊಂಡಳು.

"ಬಾವುಟ ಒದ್ಸಬೇಡಿ ಅಣ್ಣ," ಅಂದಳು ಚಿಕ್ಕಮಾದಯ್ಯನವರಿಗೆ. "ಅದು ನಿಮ್ಮ ತಮ್ಮನಂತೋರ್ದು. ನಮ್ಮನೆಯವ್ರು ಮಿಲಿಟ್ರಿಲಿ ಇರ್ನಿಲ್ಲ. ಪೇಂಟರು."

ತಮಟೆ ಕಾಯಿಸುತ್ತಿದ್ದವರೂ ಇತ್ತ ತಿರುಗಿದರು. ಬೋರಯ್ಯ ಮುಂದೆ ಬಂದು, ದುಃಖದಲ್ಲಿ ಏನೇನೋ ಆಡುತ್ತಾಳೆ ಎಂದು ಬೀಗರಿಗೆ ಸಮಾಧಾನ ಹೇಳತೊಡಗಿದ. ಜಯಲಕ್ಷ್ಮಮ್ಮ ಅಷ್ಟರಲ್ಲಿ ಹಿತ್ತಲ ಕೋಣೆಗೆ ಹೋಗಿ ಬಂದಿದ್ದಳು. ಒಂದು ಕೈಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಕ್ಯಾನು, ಇನ್ನೊಂದರಲ್ಲಿ ಟ್ಯಾಂಕುಗಳಿಗೆ ಬಿಡುತ್ತಿದ್ದ ಕಂದು ಬಣ್ಣದ ಸೀಸೆ. ಕಂಕುಳಲ್ಲಿ ಹಳೇ ಬನಿಯನ್ನಿನ ತುಂಡು, ಬ್ರಶ್ಶು. ಲೋಕೇಶನಿಗೆ ಏನನ್ನಿಸಿತೋ, ಅವಳು ಕೇಳುವ ಮೊದಲೇ ಫ್ಲೆಕ್ಸು ಬಿಚ್ಚಿ ನೆಲದ ಮೇಲೆ ಹಾಸಿದ.

ಥಿನ್ನರಿಗೆ ಅದ್ದಿದ ಬಟ್ಟೆ ಪದಕಗಳ ಮೇಲೆ ಆಡಿತು. ಬೆಳಗಿನ ಬಣ್ಣ ಇನ್ನೂ ಹಸಿ. ಒಂದೊಂದು ಪದಕವೂ ಕುಂಕುಮದ ನೀರಿನ ಹಾಗೆ ಕರಗಿ ಬಟ್ಟೆಗೆ ಬಂತು. ಆರನ್ನೂ ತೆಗೆದಳು. ಮೊಣಕಾಲಲ್ಲೇ ಕೆಳಗೆ ಸರಿದು 'ವೀರ ಯೋಧ' ಅಳಿಸಿ, ಬಿಳಿ ಬಿದ್ದ ಜಾಗದಲ್ಲಿ ಬ್ರಶ್ಶಿನಿಂದ 'ಪೇಂಟರ್' ಎಂದು ಬರೆದಳು. ಅವಳ ಅಕ್ಷರ ಅಂಕುಡೊಂಕು.

ಬೋರಯ್ಯ ಬಗ್ಗಿ ಅವಳ ಕೈ ಹಿಡಿದ.

"ನನ್ ಮಗಳ ಬಾಳು ಕಣವ್ವ. ನನ್ ಮಾನ ತೆಗೀಬ್ಯಾಡ."

"ನಿಮ್ಮ ಮಾನಕ್ಕೇಂತ ನಿಮ್ಮ ತಮ್ಮ ಎಂಟ್ ವರ್ಷ ಬಾಯ್ ಮುಚ್ಕಂಡಿದ್ರು ಬಾವ. ಮಣ್ಣಿಗೂ ಅಂಗೇ ಓಗ್ಬೇಕಾ?"

ಬೋರಯ್ಯ ಹಿಡಿದ ಕೈ ಸಡಿಲವಾಯಿತು. ಚಿಕ್ಕಮಾದಯ್ಯನವರು ಬಾವುಟವನ್ನು ಮತ್ತೆ ಮಡಿಕೆಗೆ ಮಡಿಕೆ ಕೂಡಿಸಿ ಮಡಚಿ, ಕಾಗದದಲ್ಲಿ ಸುತ್ತಿದರು. ಎಂಟು ವರ್ಷ, ಎಂದು ಬೋರಯ್ಯನ ಮುಖ ನೋಡಿ ಅಷ್ಟೇ ಅಂದರು. ಸೊಸೆಯನ್ನು ಕರೆದರು.

ದಿವ್ಯ ಎದ್ದಳು. ಮಾವನ ಕಡೆ ಎರಡು ಹೆಜ್ಜೆ ಹಾಕಿ ನಿಂತಳು. ಮಣ್ಣು ಮುಗಿಸಿಕೊಂಡು ಬರುತ್ತೇನೆ ಎಂದು ಮೆಲ್ಲಗೆ ಹೇಳಿ, ತಿರುಗಿ ಬಂದು ಚಿಕ್ಕವ್ವನ ಪಕ್ಕ ಮಂಡಿಯೂರಿದಳು. ಚಿಕ್ಕಮಾದಯ್ಯನವರು ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಕಾರು ಮಾತ್ರ ಹೊರಡಲಿಲ್ಲ.

ಜಯಲಕ್ಷ್ಮಮ್ಮ ಸೀಸೆ ಅಲ್ಲಾಡಿಸಿ ಮುಚ್ಚಳ ತೆಗೆದಳು. ಫ್ಲೆಕ್ಸು ಮಲಗಿಸಿ ಬಣ್ಣ ಬಿಟ್ಟರೆ ಅದು ಒಂದೇ ಕಡೆ ಮಡುಗಟ್ಟುತ್ತದೆ, ನೆಟ್ಟಗೆ ಎತ್ತಿ ಹಿಡಿಯಬೇಕು, ಆರುವವರೆಗೂ ಬಿಡಬಾರದು ಎಂದಳು. ಒಂದು ಕಡೆ ಲೋಕೇಶ ಹಿಡಿದ. ಇನ್ನೊಂದು ಕಡೆ ದಿವ್ಯ ಹಿಡಿದಳಾದರೂ ಮೇಲಿನ ಮೂಲೆ ಅವಳಿಗೆ ಎಟುಕದೆ ಜೋಲುತ್ತಿತ್ತು. ಹೆಗಲು ಕೊಡಲು ನಿಂತಿದ್ದವರು ಹೊತ್ತಾಯಿತೆಂದು ಗೊಣಗಿದರು. ಜಯಲಕ್ಷ್ಮಮ್ಮ ಬ್ರಶ್ಶು ತುಂಬ ಕಂದು ತೆಗೆದು ಚಿತ್ರದ ಹೆಗಲ ಪಟ್ಟಿಯ ಮೇಲೆ ಇಟ್ಟಳು. ಅದು ಮಿಲಿಟರಿ ಬಟ್ಟೆಯ ಮಡಿಕೆ ಮಡಿಕೆಯಲ್ಲೂ ಹರಿದು, ಜೇಬಿನ ಅಂಚಿನಲ್ಲಿ ನಿಂತು, ಮತ್ತೆ ಇಳಿಯಿತು. ಇನ್ನೊಂದು ಸಲ ಬಿಟ್ಟಳು. ಹಸಿರು ಹೋಗಿ ದಿನವೂ ಶೆಡ್ಡಿಗೆ ತೊಡುತ್ತಿದ್ದ ಶರಟಿನ ಬಣ್ಣ ಬರತೊಡಗಿತು. ಹಿಂದಿದ್ದ ಟ್ಯಾಂಕಿನ ಚಕ್ರಕ್ಕೂ ಕೆಳಗಿಂದ ಮೇಲಕ್ಕೆ ನಾಲ್ಕು ಸಲ ಸಿಡಿಸಿದಳು.

ಜೋಲುತ್ತಿದ್ದ ಮೂಲೆಯನ್ನು ಯಾರೋ ಎತ್ತಿ ಹಿಡಿದರು. ಬೋರಯ್ಯ.

"ಅಲ್ಲಾಡಿಸ್ಬೇಡಿ ಬಾವ. ಇನ್ನೂ ಆರಿಲ್ಲ."

ಒಂದೂವರೆ ಆಯಿತಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಬೋರಯ್ಯ ಮೂಲೆಯನ್ನು ಇನ್ನಷ್ಟು ಮೇಲಕ್ಕೆತ್ತಿದ. ಕಂದು ನೀರು ಫ್ಲೆಕ್ಸಿನ ಅಂಚು ಹಿಡಿದು ಬಂದು, ಅವನ ಮಣಿಕಟ್ಟಿನಿಂದ ಬಿಳಿ ಶರಟಿನ ತೋಳಿನೊಳಕ್ಕೆ ಇಳಿಯುತ್ತಿತ್ತು.