ದಿನೇಶನಿಗೆ ಉಪ್ಪು

ಸ್ಪ್ಯಾನಿಶ್ ಕಲಿಯಬೇಕೆಂದು ಭಾಗ್ಯಶ್ರೀಗೆ ಯಾವ ಕನಸೂ ಬಿದ್ದಿರಲಿಲ್ಲ. ಪಟಾನ್‌ಚೆರುವಿನ ಔಷಧಿ ಫ್ಯಾಕ್ಟರಿಯಲ್ಲಿ ಎರಡು ವರ್ಷ ಮಾತ್ರೆ ಡಬ್ಬಿಗೆ ಚೀಟಿ ಅಂಟಿಸಿ ಅಂಟಿಸಿ ಸಾಕುಸಾಕಾಗಿತ್ತು, ಅಷ್ಟೇ. ಅದು ಎರಡು ಸಾವಿರದ ಐದನೇ ಇಸವಿ. ಹೈಟೆಕ್ ಸಿಟಿಯಲ್ಲಿ ನೋಡನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಡಿಗ್ರಿ ಮುಗಿಸಿದವರನ್ನು ಕರೆಕರೆದು ಫೋನಿನ ಮುಂದೆ ಕೂಡಿಸುತ್ತಿದ್ದರು. ಒಂದು ಕಾಲ್ ಸೆಂಟರಿನವರು, "ಮೂರು ತಿಂಗಳು ಸ್ಪ್ಯಾನಿಶ್ ಕಲಿಸುತ್ತೇವೆ. ಮಾತಿನ ಪರೀಕ್ಷೆ ಪಾಸಾದರೆ ನೌಕರಿ, ಇಲ್ಲದಿದ್ದರೆ ನಿಮ್ಮ ದಾರಿ ನಿಮಗೆ" ಎಂದರು. ಇವಳು ಹಿಂದೆ ಮುಂದೆ ನೋಡದೆ ಫ್ಯಾಕ್ಟರಿ ಬಿಟ್ಟೇಬಿಟ್ಟಳು! ಬಾಲಾನಗರದಲ್ಲಿ ಲೇತ್ ಓಡಿಸುವ ಅಪ್ಪ ಹಂಪಯ್ಯನದು ಮಾತು ಕಡಿಮೆ. "ಹಿಂದಿನ ಬಾಗಲಾ ಹಾಕಿ ಬಂದೀದಿ. ಮುಂದಿಂದು ತೆಗೀತದೋ ಇಲ್ಲೋ ನೋಡವಾ" ಎಂದ. ತೆಗೆಯದಿದ್ದರೆ ಮತ್ತೆ ಅದೇ ಪಟಾನ್‌ಚೆರು ಬಸ್ಸು, ಅದೇ ಚೀಟಿ, ಅದೇ ಅಂಟು. 

ಕಲಿಸಲು ಬಂದವರು ಮೆಕ್ಸಿಕೋದ ರೋಸಾಲ್ಬಾ ಮೇಡಂ. ಅರವತ್ತರ ಹತ್ತಿರದ ಹೆಂಗಸು, ನಗು ಅಂದರೆ ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ. ಎರಡನೇ ತಿಂಗಳು ಅವರು 'ಯಾರಿಗೆ' ಎಂದು ಹೇಳುವ ಪುಟಾಣಿ ಪದಗಳನ್ನು ಬೋರ್ಡಿನ ಮೇಲೆ ಬರೆದರು. ಮೆ ಅಂದರೆ ನನಗೆ. ತೆ ಅಂದರೆ ನಿನಗೆ. ಲೆ ಅಂದರೆ ಅವನಿಗೆ, ಅವಳಿಗೆ, ಮರ್ಯಾದೆ ಕೊಟ್ಟು ಹೇಳಿದರೆ ನಿಮಗೆ. ಕಾನ್ವೆಂಟಿನಲ್ಲಿ ಓದಿದವರೆಲ್ಲ 'ನಾನು ಕಾಫಿಯನ್ನು ಇಷ್ಟಪಡುತ್ತೇನೆ' ಅನ್ನಲು ಹೋಗಿ ದಬದಬ ಬಿದ್ದರು. ಸ್ಪ್ಯಾನಿಶ್‌ನಲ್ಲಿ ಹಾಗನ್ನುವ ಹಾಗಿಲ್ಲ. 'ಮೆ ಗುಸ್ತಾ', ನನಗೆ ಸೇರುತ್ತದೆ, ಅನ್ನಬೇಕು.

ಭಾಗ್ಯಶ್ರೀ ಕುರ್ಚಿಯಲ್ಲೇ ಪುಟಿದಳು. "ಏ ದಿನೇಶ, ನನಗ ಚಾ ಸೇರತೈತಿ ಅಂತೀವಲ್ಲ, ಹಂಗ! ಇವರೂ ನಮ್ಮಂಗ ಮಾತಾಡ್ತಾರಲ್ಲೋ!"

ಪಕ್ಕದಲ್ಲಿ ಕೂತ ದಿನೇಶ ಉಡುಪಿಯವನು, ಏನನ್ನೂ ಒಂದೇ ಸಲಕ್ಕೆ ಒಪ್ಪುವ ಜಾತಿಯಲ್ಲ. "ಹೌದು ಮಾರಾಯ್ತಿ, ಅದಕ್ಕೆ ಇಷ್ಟು ಬೊಬ್ಬೆ ಹಾಕ್ಬೇಕಾ?" ಎಂದ. ಆದರೆ ತನ್ನ ಪುಸ್ತಕದಲ್ಲಿ ಸದ್ದಿಲ್ಲದೆ ಅದನ್ನೇ ಬರೆದುಕೊಂಡ.

ಅಂದಿನಿಂದ ಇವಳಿಗೆ ಒಂದು ಹುಚ್ಚು ಹಿಡಿಯಿತು. ಅಮ್ಮನಿಗೆ ನೀರು ಕೊಡುತ್ತೇನೆ ಅನ್ನುವಾಗ ಸ್ಪ್ಯಾನಿಶ್‌ನವರು 'ಆಕೆಗೆ ಕೊಡುತ್ತೇನೆ ನೀರು, ನನ್ನ ಅಮ್ಮನಿಗೆ' ಅನ್ನುತ್ತಾರಂತೆ. ಒಬ್ಬಳಿಗೆ ಎರಡು ಸಲ ಯಾಕೆ? ಸನತ್‌ನಗರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಹಂಪಮ್ಮ ಅದೇ ಸಂಜೆ, "ಅವರಿಗೆ ಊಟಕ್ಕ ನೀಡವಾ, ನಿಮ್ಮಪ್ಪಗ" ಎಂದಳು. ಭಾಗ್ಯಶ್ರೀ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಆಮೇಲೆ ತಂಬಿಗೆ ಹಿಡಿದು ಅವ್ವನ ಮುಂದೆ "ತೆ ದೋಯ್ ಅಗುವಾ, ತೆ ದೋಯ್ ಅಗುವಾ", ನಿನಗೆ ಕೊಡುತ್ತೇನೆ ನೀರು, ಎಂದು ಶುರು ಹಚ್ಚಿದಳು. "ಮಂತ್ರ ಸಾಕು, ನೀರು ಇತ್ಲಾಗ ಕೊಡು, ಗಂಟಲಾ ಒಣಗೇತಿ" ಎಂದು ಹಂಪಮ್ಮ ಗದರಿದಳು.

ಇಷ್ಟೆಲ್ಲ ತಿಳಿದರೂ ಒಂದು ತೊಡಕಿತ್ತು ನೋಡಿ. ಬರೆಯಲು ಕೂತರೆ ಅವಳ ಕೈ ಓಡುತ್ತಿತ್ತು, ಮೇಡಂ ಮುಂದೆ ನಿಂತರೆ ನಾಲಿಗೆ ಬಿದ್ದೇಹೋಗುತ್ತಿತ್ತು. ಎಲ್ಲಿ ತಪ್ಪುತ್ತದೋ ಎಂಬ ಅಂಜಿಕೆ. ಪರೀಕ್ಷೆ ಇದ್ದದ್ದು ಮಾತಿನದೇ.

ಪರೀಕ್ಷೆಯ ದಿನ ಮೇಡಂ ಕ್ಯಾಂಟೀನಿನಿಂದ ಕಪ್ಪು, ಚಮಚ, ಬಾಳೆಹಣ್ಣು, ಉಪ್ಪಿನ ಬಟ್ಟಲು ತರಿಸಿ ಟೇಬಲ್ಲಿನ ಮೇಲೆ ಇಟ್ಟಿದ್ದರು. ಹೇಳಿದ ವಸ್ತು ಹೇಳಿದವರ ಕೈಗೆ ಕೊಡಬೇಕು, ಕೊಡುತ್ತ ವಾಕ್ಯ ಹೇಳಬೇಕು. ಬೆಳಿಗ್ಗೆಯೇ ಪಾಸಾಗಿದ್ದ ದಿನೇಶನನ್ನು ಜೊತೆಗೆ ಕೂಡಿಸಿದ್ದರು. ಕಪ್ಪು ಕೊಡುವಾಗ ಭಾಗ್ಯಶ್ರೀ ತೊದಲಿದಳು. ಚಮಚಕ್ಕೆ ಬಂದಾಗ ಅರ್ಧ ವಾಕ್ಯಕ್ಕೇ ನಿಂತಳು. ಮೇಡಂ ಪೆನ್ನು ಎರಡು ಸಲ ಅಡ್ಡಗೆರೆ ಎಳೆಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡಳು.

"ದಿನೇಶನಿಗೆ ಉಪ್ಪು ಕೊಡು."

ದಿನೇಶ ಅಂಗೈ ಚಾಚಿದ. ಅವಳು ಬಟ್ಟಲು ಎತ್ತಿ, ಅವನ ಅಂಗೈಗೆ ಕೊಡದೆ ಮುಂದೆ ಟೇಬಲ್ಲಿನ ಮೇಲೆ ಇಟ್ಟಳು.

"ಕೈಗೆ" ಎಂದರು ಮೇಡಂ.

ಮತ್ತೆ ಎತ್ತಿದಳು, ಮತ್ತೆ ಕೆಳಗೇ ಇಟ್ಟಳು. ಬೇಕಂತ ಮಾಡಿದ್ದಲ್ಲ, ಕೈ ತಾನಾಗಿ ಹಾಗೆ ಹೋಯಿತು. "ಕೊಡೇ, ಫೇಲಾಗ್ತಿ!" ಎಂದು ದಿನೇಶ ಪಿಸುಗುಟ್ಟಿದ. ಮೇಡಂ ಪೆನ್ನು ಕೆಳಗಿಟ್ಟು, "ಯಾಕೆ?" ಎಂದರು, ಸ್ಪ್ಯಾನಿಶ್‌ನಲ್ಲೇ.

ಆ 'ಯಾಕೆ' ಯಾವ ಪಾಠದಲ್ಲೂ ಇರಲಿಲ್ಲ. ಉತ್ತರ ಬಾಯಿಪಾಠ ಮಾಡಿರಲಿಲ್ಲವಾದ್ದರಿಂದ ಭಾಗ್ಯಶ್ರೀಗೆ ಅಂಜಲು ಪುರಸೊತ್ತೇ ಸಿಗಲಿಲ್ಲ. ನಮ್ಮ ಕಡೆ ಉಪ್ಪು ಕೈಗೆ ಕೊಡುವುದಿಲ್ಲ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತುತ್ತದೆ ಅಂತಾರೆ ಎಂದು ಸ್ಪ್ಯಾನಿಶ್‌ನಲ್ಲೇ ಹೇಳಿದಳು. ದಿನೇಶ ಬಾಯಿಬಡುಕ, ಆದರೆ ನನಗೆ ಒಳ್ಳೆಯ ಗೆಳೆಯ, ಅವನಿಗೆ ನಾನು ಜಗಳ ಯಾಕೆ ಕೊಡಲಿ ಎಂದಳು. ನಡುವೆ ಎರಡು ಮೂರು ಕಡೆ ತಪ್ಪಿತು, ತಿದ್ದಿಕೊಂಡು ಮುಂದೆ ಹೋದಳು. ಅಷ್ಟಕ್ಕೆ ನಿಲ್ಲಿಸಿದಳೇ? ಕುತೂಹಲದ ಬಾಯಿಗೆ ಬೀಗವಿಲ್ಲ. "ನಿಮ್ಮ ಊರಲ್ಲಿ ಹೇಗೆ? ನೀವು ಚಿಕ್ಕವರಿದ್ದಾಗ ನಿಮಗೆ ಯಾರಾದರೂ ಹೀಗೆ ಹೇಳುತ್ತಿದ್ದರಾ?" ಎಂದು ಪರೀಕ್ಷೆ ಮಾಡುವವರನ್ನೇ ಕೇಳಿಬಿಟ್ಟಳು.

 "ನನ್ನ ಅಜ್ಜಿ" ಎಂದರು ಮೇಡಂ. ಅಜ್ಜಿಯೂ ಉಪ್ಪನ್ನು ಕೈಗೆ ಕೊಡುತ್ತಿರಲಿಲ್ಲವಂತೆ. ಕೈ ಚಾಚಿದರೆ ಚಮಚದ ಹಿಡಿಯಿಂದ ಬೆರಳ ಗಂಟಿಗೆ ಬಾರಿಸುತ್ತಿದ್ದಳಂತೆ. ಹೇಳುತ್ತ ಮೇಡಂ ತಮ್ಮ ಬೆರಳು ಉಜ್ಜಿಕೊಂಡರು.

"ನಾನು ಈ ಊರಿಗೆ ಬಂದು ಹನ್ನೊಂದು ತಿಂಗಳಾಯಿತು" ಎಂದರು. "ಎಲ್ಲರೂ ನನಗೆ ಉತ್ತರ ಕೊಡುತ್ತಾರೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ."

ಕಾಗದದ ಮೇಲೆ ದೊಡ್ಡದಾಗಿ 'ಪಾಸು' ಎಂದು ಬರೆದು, ಕೈಗೆ ಕೊಡಲಿಲ್ಲವೆಂದು ಒಂದು ಅಂಕವನ್ನೂ ಕಳೆದರು. ಭಾಗ್ಯಶ್ರೀಗೆ ಕಣ್ಣು ತುಂಬಿ ಬಂದು ಕಾಗದ ಕಾಣದಾಯಿತು. "ಪಾಸಾಯ್ತಲ್ಲ, ಏಳು ಮಾರಾಯ್ತಿ, ಹೊರಗೆ ಜನ ಕಾಯ್ತಿದ್ದಾರೆ" ಎಂದು ದಿನೇಶ ಅವಸರ ಮಾಡಿದ.

ಅವಳು ಏಳಲಿಲ್ಲ. ಕಣ್ಣು ಒರೆಸಿಕೊಂಡು, "ಅಜ್ಜಿಯ ಹೆಸರೇನು?" ಎಂದು ಕೇಳಿದಳು.

"ಎಫಿಹೇನಿಯಾ" ಎಂದು ಮೇಡಂ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತರು.