ಹನ್ನೆರಡು ದಿನದ ಅಳತೆ

ಜಲಾಶಯದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಆವಿಯಕ್ಕ ಎಂದೇ ಕರೆಯುತ್ತಿದ್ದರು. ಕಚೇರಿಯ ಹಿಂದೆ, ಬೇಲಿಯೊಳಗೆ, ಮರದ ಚೌಕಟ್ಟಿನ ಮೇಲೆ ಒಂದು ಅಗಲವಾದ ತಗಡಿನ ತೊಟ್ಟಿ. ಹಕ್ಕಿಗಳು ಬಾಯಿ ಹಾಕದಂತೆ ಮೇಲೆ ತಂತಿಬಲೆ, ಒಳಗೆ ಮೊನಚಾದ ಒಂದು ಕಡ್ಡಿ. ದಿನವೂ ಬೆಳಿಗ್ಗೆ ಎಂಟಕ್ಕೆ ಅಳತೆಪಾತ್ರೆಯಿಂದ ನೀರು ಹುಯ್ದು, ನಿನ್ನೆಯಿಂದ ಇಳಿದಿದ್ದ ಮಟ್ಟವನ್ನು ಮತ್ತೆ ಆ ಮೊನೆಗೆ ಮುಟ್ಟಿಸಬೇಕು. ಎಷ್ಟು ಹುಯ್ದಳೋ ಅಷ್ಟು ನೀರು ಗಾಳಿಗೆ ಹೋಗಿದೆ ಎಂದರ್ಥ. ಅದರ ಮೇಲೆ ಇಡೀ ಜಲಾಶಯದಿಂದ ಎಷ್ಟು ಹೋಯಿತೆಂದು ಅಂದಾಜು ಮಾಡುತ್ತಿದ್ದರು. ಹದಿನಾರು ವರ್ಷ ಅವಳು ಇದನ್ನೇ ಮಾಡಿದ್ದಳು.

“ಎಲ್ಲರೂ ಕೆಲಸ ಬಂದ್ರೆ ಆವಿಯಾಗ್ತಾರೆ, ನಿಂಗೆ ಆವಿಯಾಗೋದೇ ಕೆಲಸ,” ಎಂದು ಗಂಡ ರೇಗಿಸುತ್ತಿದ್ದ. ಅವನು ಬಸ್ಸಿನ ಡ್ರೈವರ್. ಐದು ದಿನ ಜ್ವರದಲ್ಲಿ ಮಲಗಿದವನು ಆರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟ.

ಅವನು ತೀರಿಹೋದ ನಾಲ್ಕನೆಯ ದಿನಕ್ಕೆ ಅವಳು ಕೆಲಸಕ್ಕೆ ಬಂದಳು. ಎಂಜಿನಿಯರು ರಜೆ ತಗೊಳ್ಳಿ ಎಂದರೂ ಕೇಳಲಿಲ್ಲ. ಮನೆಯಲ್ಲಿ ಏನು ಮಾಡುವುದು? ಅಳು ಬರುತ್ತಿರಲಿಲ್ಲ, ಹಸಿವೂ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ “ಹೂಂ” ಎನ್ನುತ್ತಿದ್ದಳು. ಏನಕ್ಕೆ ಹೂಂ ಎಂದೆ ಎಂಬುದು ಮರುಕ್ಷಣ ನೆನಪಿರುತ್ತಿರಲಿಲ್ಲ.

ಎಂಟಕ್ಕೆ ಸರಿಯಾಗಿ ತೊಟ್ಟಿಯ ಹತ್ತಿರ ಹೋಗುತ್ತಿದ್ದಳು. ಕೈ ನೀರು ಹುಯ್ಯುತ್ತಿತ್ತು, ಮಟ್ಟ ಮೊನೆಗೆ ಮುಟ್ಟುತ್ತಿತ್ತು. ಎಷ್ಟು ಹುಯ್ದೆ ಎಂಬ ಎಣಿಕೆ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಳಗೆ ಬಂದು ಪುಸ್ತಕದಲ್ಲಿ ಮೇಲಿನ ಸಾಲು ನೋಡುತ್ತಿದ್ದಳು: ನಾಲ್ಕು ಪಾಯಿಂಟ್ ಎರಡು ಮಿಲಿಮೀಟರ್. ಕೆಳಗೆ ಅದನ್ನೇ ಬರೆಯುತ್ತಿದ್ದಳು. ಅದು ಅವಳು ಬರುವ ಹಿಂದಿನ ದಿನ, ಮೋಡ ಕವಿದಿದ್ದಾಗ ಬೇರೆಯವರು ತೆಗೆದಿದ್ದ ಅಳತೆ. ಆಮೇಲೆ ಮೋಡ ಚದುರಿ, ಬಿಸಿಲು ಏರಿ, ಒಣಗಾಳಿ ಎದ್ದಿತ್ತು. ಪುಸ್ತಕದಲ್ಲಿ ಮಾತ್ರ ನಾಲ್ಕು ಪಾಯಿಂಟ್ ಎರಡು ಅಲುಗಾಡಲಿಲ್ಲ.

ಕೆಲಸಕ್ಕೆ ಮರಳಿದ ಹದಿಮೂರನೆಯ ದಿನ ಬೆಳಿಗ್ಗೆ ಅವಳು ತೊಟ್ಟಿಗೆ ಹೊರಟಾಗ ಕಾವಲುಗಾರಜ್ಜ ಕಚೇರಿಯ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಕಾಲುಚೀಲ ಅಂಟಿಕೊಂಡಿತ್ತು.

“ಏನಾಯ್ತಜ್ಜ?”

“ಕಟ್ಟೆ ಸೋರ್ತಿದೆಯಂತೆ ಆವಿಯಕ್ಕ. ನಿಮ್ಮ ಪುಸ್ತಕದ ಪ್ರಕಾರ ಇಳೀಬೇಕಾದ್ದಕ್ಕಿಂತ ಎರಡು ಬೆರಳು ಜಾಸ್ತಿ ಇಳಿದಿದೆ ನೀರು. ಎಲ್ಲಾದ್ರೂ ಒದ್ದೆ ಇದೆಯಾ ಅಂತ ಎರಡು ದಿನದಿಂದ ಕಟ್ಟೆ ಬುಡ ತಡಕಿದ್ದೇ ತಡಕಿದ್ದು. ಒಂದು ಕಪ್ಪೆಗಾಗೋಷ್ಟು ತೇವಾನೂ ಸಿಗಲಿಲ್ಲ.”

ಅವಳು ಅವನ ಹಿಮ್ಮಡಿಯನ್ನೇ ನೋಡುತ್ತ ನಿಂತಳು. ಆಮೇಲೆ ಪುಸ್ತಕ ತೆಗೆದುಕೊಂಡು ನೇರ ಎಂಜಿನಿಯರ ಕೋಣೆಗೆ ಹೋದಳು.

“ಕಟ್ಟೆ ಸೋರ್ತಿಲ್ಲ ಸರ್. ನಾನು ಅಳತೆ ಸುಳ್ಳು ಬರೆದಿದ್ದೀನಿ.”

ಎಂಜಿನಿಯರು ಪುಸ್ತಕ ತೆರೆದು ಸಾಲುಗಳ ಮೇಲೆ ಬೆರಳಾಡಿಸಿದರು. ಹನ್ನೆರಡು ಸಲ ಒಂದೇ ಅಂಕಿ.

“ಒಂದು ದಿನವಾದ್ರೂ ಎಣಿಸಿದ್ರಾ?”

“ನೆನಪಿಲ್ಲ ಸರ್.”

“ಸೋರಿಕೆ ಹುಡುಕ್ತಾ ಮೂರು ಜನ ಬಿಸಿಲಲ್ಲಿ ಬೆಂದುಹೋದ್ರು, ಗೊತ್ತಾ?”

“ಈಗ ಗೊತ್ತಾಯ್ತು.”

ಅವರು ಬೈಯುತ್ತಾರೆಂದು ಕಾದಳು. ಅವರು ಹನ್ನೆರಡು ಸಾಲಿನ ಮೇಲೂ ಕೆಂಪು ಗೆರೆ ಎಳೆದು, ಪುಸ್ತಕವನ್ನು ಅವಳತ್ತ ತಿರುಗಿಸಿದರು. “ಅಂದಾಜಿಗೆ ಏನೂ ತುಂಬಬೇಡಿ. ಅಳತೆ ಇಲ್ಲ ಅಂತ ಬರೆದು ಸಹಿ ಹಾಕಿ. ಇವತ್ತಿನಿಂದಲೇ ಹತ್ತು ದಿನ ಮನೆಯಲ್ಲಿರಿ. ಇದು ಕೇಳ್ತಿರೋದಲ್ಲ, ಹೇಳ್ತಿರೋದು.”

ಸಹಿ ಹಾಕಿದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಗುರವೂ ಆಗಲಿಲ್ಲ. ಹೊರಗೆ ಬಂದು ಅಜ್ಜನಿಗೆ ವಿಷಯ ಹೇಳಿ, ತಪ್ಪಾಯ್ತು ಎಂದಳು. “ಹೋಗ್ಲಿ ಬಿಡಿ, ಹೊಟ್ಟೆಯಾದ್ರೂ ಕರಗಿತು,” ಎಂದ ಅವನು.

ಹೊತ್ತಲ್ಲದ ಹೊತ್ತಿನಲ್ಲಿ ಸೊಸೆ ಮನೆಗೆ ಬಂದದ್ದು ನೋಡಿ ಅತ್ತೆಗೆ ಗಾಬರಿ. ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಮೇಜಿನ ಅಂಚನ್ನು ಉಜ್ಜತೊಡಗಿದರು.

“ನಾನೂ ಒಂದು ತಪ್ಪು ಮಾಡಿದ್ದೀನಿ ಕಣೇ. ಅವನ ಹಣೆಗೆ ಒದ್ದೆಬಟ್ಟೆ ಹಾಕ್ತಿದ್ದೆನಲ್ಲ, ನೀರು ಕಣ್ಣಿಗೆ ಇಳಿಯುತ್ತೆ ಅಂತ ತುಂಬಾ ಹಿಂಡಿಬಿಡ್ತಿದ್ದೆ. ಹಾಕಿದ್ದೇ ತಡ ಒಣಗಿಹೋಗೋದು. ಇನ್ನೊಂದಿಷ್ಟು ನೀರು ಬಿಟ್ಟಿದ್ರೆ ಜ್ವರ ಇಳೀತಿತ್ತೇನೋ.”

ಇಷ್ಟು ದಿನ ಅತ್ತೆ ಇದನ್ನು ಒಳಗೇ ಇಟ್ಟುಕೊಂಡಿದ್ದರು. ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

“ಇಲ್ಲ ಅತ್ತೆ. ನೀರು ಆವಿಯಾಗೋಕೆ ಕುದೀಬೇಕು ಅಂತೇನಿಲ್ಲ. ನೀರಲ್ಲಿರೋ ಕಣಗಳು ಸುಮ್ಮನಿರಲ್ಲ, ಓಡಾಡ್ತಾನೇ ಇರ್ತವೆ. ಜೋರಾಗಿ ಓಡೋವು ಮೇಲಿಂದ ಹಾರಿಹೋಗ್ತವೆ. ಹಾರೋಕೆ ಬೇಕಾದ ಬಿಸೀನ ಪಕ್ಕದಿಂದಲೇ ಕಿತ್ಕೊಂಡು ಹೋಗೋದು. ಬಟ್ಟೆ ಒಣಗ್ತಿತ್ತು ಅಂದ್ರೆ ಅವರ ಮೈ ಬಿಸಿ ಹೋಗ್ತಿತ್ತು ಅಂತ. ಬೆವರು ಬಂದ್ರೆ ತಣ್ಣಗಾಗೋದೂ ಹಾಗೇ. ಬಟ್ಟೆ ಬೇಗ ಒಣಗಿದ್ದು ನಿಮ್ಮ ತಪ್ಪಲ್ಲ, ಅದು ಕೆಲಸ ಮಾಡ್ತಿತ್ತು.”

“ಮತ್ತೆ ಯಾಕೆ ಉಳೀಲಿಲ್ಲ?”

“ಒಳಗಿನ ಕಾಯಿಲೆ ದೊಡ್ಡದಿತ್ತು. ಬಟ್ಟೆ ಮೈ ಮೇಲಿನ ಬಿಸಿ ತೆಗೆಯುತ್ತೆ, ಅಷ್ಟೇ.”

“ಆ ನೀರೆಲ್ಲ ಎಲ್ಲಿಗೆ ಹೋಯ್ತು?”

“ಗಾಳಿಗೆ. ಎಂಟ್ಹತ್ತು ದಿನ ಮೇಲಿರುತ್ತೆ. ತಣ್ಣಗಾದ್ರೆ ಮೋಡ, ಆಮೇಲೆ ಎಲ್ಲೋ ಮಳೆ. ಎಲ್ಲಿ ಅಂತ ಹೇಳೋಕಾಗಲ್ಲ.”

ಅತ್ತೆ ಬಿಕ್ಕಿಬಿಕ್ಕಿ ಅತ್ತರು. ಅವಳಿಗೆ ಆಗಲೂ ಅಳು ಬರಲಿಲ್ಲ. ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಇಬ್ಬರಿಗೂ ಊಟ ಬಡಿಸಿದಳು, ತನ್ನ ತಟ್ಟೆಯಲ್ಲಿದ್ದುದನ್ನು ಅರ್ಧದಷ್ಟು ತಿಂದಳು.