ಶಂಭುಲಿಂಗಪ್ಪ ಕಾಕಾನ ಎದೆಯುರಿ

ನಮ್ಮ ಸಂಶಿಯಲ್ಲಿ ಯಾರಾದರೂ ದವಾಖಾನೆ ಸೇರಿದರೆ ಹೋಗಿ ಮಾತಾಡಿಸಿ ಬರಲೇಬೇಕು. ಮದುವೆ ತಪ್ಪಿಸಿದರೆ ಮಾಫಿ ಉಂಟು, ಇದಕ್ಕಿಲ್ಲ. ಎಳನೀರು, ಬಿಸ್ಕೀಟು, ಬಾಳೆಹಣ್ಣು ಹಿಡಿದು ಓಣಿಗೆ ಓಣಿಯೇ ಹುಬ್ಬಳ್ಳಿ ಬಸ್ಸು ಹತ್ತುತ್ತದೆ. ಬಾಜು ಮನೆಯ ಶಂಭುಲಿಂಗಪ್ಪ ಕಾಕಾನಿಗೆ ಇದರ ರುಚಿ ಹತ್ತಿಬಿಟ್ಟಿತ್ತು. ಮಿರ್ಚಿ ಭಜಿ ತಿನ್ನುವುದು, ಎದೆ ಹಿಡಿದುಕೊಳ್ಳುವುದು, 108ಕ್ಕೆ ಫೋನು ಹಚ್ಚಿಸುವುದು. ಹುಬ್ಬಳ್ಳಿಯ ಡಾಕ್ಟರು ಪ್ರತಿಸಲವೂ "ಗ್ಯಾಸು" ಎಂದು ವಾಪಸು ಕಳಿಸುತ್ತಿದ್ದರು. ಕಾಕಾ ಚೀಲದ ತುಂಬ ಬಿಸ್ಕೀಟು ಹೊತ್ತು ಗೆದ್ದವನ ಹಾಗೆ ಬರುತ್ತಿದ್ದ.

ಮೊದಮೊದಲು ನನಗೂ ನಗು. ಈ ಸಲ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಮಗಳು ಜಹೀರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿದ್ದವು. ಹೆರಿಗೆಗೆ ಕುಂದಗೋಳದ ದೊಡ್ಡ ದವಾಖಾನೆಗೇ ಒಯ್ಯಬೇಕಿತ್ತು, ಸುತ್ತಲಿನ ಊರುಗಳಿಗೆಲ್ಲ ಇರುವುದು 108ರ ಅದೊಂದೇ ಗಾಡಿ. ಅವಳಿಗೆ ನೋವು ಬಂದ ಹೊತ್ತಿಗೆ ಅದು ಕಾಕಾನ ಗ್ಯಾಸು ಹೊತ್ತು ಹುಬ್ಬಳ್ಳಿಗೆ ಹೋಗಿದ್ದರೆ? ಈ ಹೆದರಿಕೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅವತ್ತು ಗುಡಗೇರಿ ಸಂತೆಯಿಂದ ಬಂದವನೇ ಕಾಕಾ ಕಟ್ಟೆಯ ಮೇಲೆ ಉರುಳಿದ.

"ಶಾರದಾ, ಗಾಡಿ ಕರೀ ಬೇ!"

"ತಡೀರಿ," ಎಂದು ನಾನು ಅಡ್ಡ ನಿಂತೆ. "ಎದಿನೋವು ಚಾಷ್ಟಿ ಅಲ್ಲ. ಬಾಜೂಕ ಸರಕಾರಿ ದವಾಖಾನಿ ಐತಿ, ಮೊದಲ ಅಲ್ಲಿಯವರು ನೋಡ್ಲಿ."

ಕರೆದ ಕೂಡಲೇ ನರ್ಸು ಫರಹತ್ ಇಸಿಜಿ ಮಶೀನು ಹಿಡಿದು ಓಡಿ ಬಂದಳು, ಹಿಂದೆ ಡಾಕ್ಟರೂ ಬಂದರು. ಎದೆಗೆ ವೈರು ಹಚ್ಚಿದರು, ಪಟ್ಟಿ ತೆಗೆದು ನೋಡಿದರು.

"ಎದಿ ಗಟ್ಟಿ ಐತ್ರಿ," ಎಂದರು ಡಾಕ್ಟರು. "ಭಜಿ ಎಷ್ಟ ತಿಂದ್ರಿ?"

"ಒಂದ ಪ್ಲೇಟ್."

"ಸುಳ್ರೀ," ಎಂದಳು ಹೆಂಡತಿ ಶಾರದವ್ವ. "ಅಂಗಡಿನ ತಿಂದ ಬಂದಾರ."

ಡಾಕ್ಟರು ಗುಳಿಗೆ ಕೊಟ್ಟು ಮನೆಯಲ್ಲೇ ಮಲಗಲು ಹೇಳಿ ಹೋದರು. ಕಾಕಾನ ಮುಖ ಬಾಡಿಹೋಯಿತು.

"ಮನ್ಯಾಗ ಮಲಗಿದ್ರ ಮಾತಾಡ್ಸಾಕ ಯಾರ ಬರ್ತಾರ ಬೇ, ಮೆಹರುನಬಿ?"

ನನ್ನ ಸಿಟ್ಟು ಎಲ್ಲಿ ಹಾರಿಹೋಯಿತೋ! ಅಯ್ಯೋ ಅನ್ನಿಸಿತು. ಓಣಿಯ ನಡುವೆ ನಿಂತು ಕೂಗಿದೆ: "ಕಾಕಾಗ ಆರಾಮಿಲ್ಲ, ಮಾತಾಡ್ಸಾಕ ಬರ್ರಿ! ಹುಬ್ಬಳ್ಳಿ ತನಕಾ ಹೋಗೂದು ಬ್ಯಾಡ!"

ಜನ ಬಂದರು ನೋಡಿ! ಹೊಳಬಸಪ್ಪ ಎಳನೀರು ತಂದ, ಬಾಷಾಬಿ ಬಾಳೆಹಣ್ಣು ತಂದಳು, ನಾನು ಬಿಸ್ಕೀಟಿನ ಪುಡಾ ಕೈಗಿಟ್ಟೆ. ಕಾಕಾ ಲೋಡಿಗೆ ಒರಗಿ ಮದುಮಗನ ಹಾಗೆ ಕುಳಿತು, ಬಂದವರಿಗೆಲ್ಲ ತನ್ನ ಎದೆಯ ಕಥೆ ಹೇಳಿದ.

ಅಷ್ಟರಲ್ಲಿ ನಮ್ಮ ಮನೆಯೊಳಗಿಂದ ಜಹೀರಾ ಚೀರಿದಳು. ಫೋನು ಹಚ್ಚಿದೆವು. ನಾನು ಬಟ್ಟೆಯ ಗಂಟು ಕಟ್ಟುವಷ್ಟರಲ್ಲಿ ಗಾಡಿ ಬಂದು ನಿಂತಿತು. ಸೈರನ್ ಕೇಳಿದ್ದೇ ತಡ, ರೂಢಿಯ ಮನುಷ್ಯ ನಮ್ಮ ಕಾಕಾ, ಎದ್ದವನೇ ಗಾಡಿ ಹತ್ತಿ ಉದ್ದಕ್ಕೆ ಮಲಗಿಬಿಟ್ಟ!

ಜಹೀರಾ ಹೊಟ್ಟೆ ಹಿಡಿದುಕೊಂಡು ಗಾಡಿಯ ಬಾಗಿಲಲ್ಲಿ ನಿಂತಳು.

"ಕಾಕಾ, ಇವತ್ತ ನನ್ನ ಪಾಳಿ ಐತ್ರಿ!"

ಓಣಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನೋವಿನಲ್ಲೂ ಅವಳು ನಕ್ಕಳು. ಕಾಕಾ ನಾಲಿಗೆ ಕಚ್ಚಿಕೊಂಡು ಟಣ್ಣನೆ ಜಿಗಿದಿಳಿದ.

ಕುಂದಗೋಳದಲ್ಲಿ ಹೆಣ್ಣುಕೂಸು ಹುಟ್ಟಿತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ಮರುದಿನ ಮುಂಜಾನೆ ಕಾಕಾ ಬಸ್ಸಿನಲ್ಲಿ ಬಂದ, ಎರಡೂ ಕೈಯಲ್ಲಿ ಚೀಲ. ದವಾಖಾನೆಗೆ ಅವನು ತನ್ನ ಕಾಲ ಮೇಲೆ ನಡೆದು ಬಂದದ್ದು ಅದೇ ಮೊದಲು. ಎಳನೀರು, ಬಾಳೆಹಣ್ಣು, ಬಿಸ್ಕೀಟು ಎಲ್ಲವನ್ನೂ ಜಹೀರಾಳ ಹಾಸಿಗೆಯ ಬದಿಗೆ ಸುರಿದ. ಮೇಲೆಯೇ ಇತ್ತು ನನ್ನ ಪುಡಾ, ಒಡೆಯದೆ.

"ಇವೆಲ್ಲಾ ನಿಮಗ ಕೊಟ್ಟಿದ್ವಲ್ರೀ ಕಾಕಾ!" ಎಂದೆ ನಾನು.

ಕಾಕಾ ಕೂಸಿನ ಮೇಲಿಂದ ಕಣ್ಣು ಕೀಳಲಿಲ್ಲ.

"ಪಾಳಿ ಇಕೀದಲ್ಲೇನ ಬೇ," ಎಂದ.